ಓದುಗರ ಪ್ರಶ್ನೆ: ಕೀಲು, ಕಣ್ಣು, ಹೃದಯ – ಒಂದೇ ಕಾಯಿಲೆಗೆ ಯಾವ ಡಾಕ್ಟರು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು 'ಕನೆಕ್ಟಿವ್ ಟಿಶ್ಯೂ' ಕಾಯಿಲೆಗಳ ಸುತ್ತಲೇ ಇವೆ. ಚರ್ಮ, ಕೀಲು, ರಕ್ತನಾಳದ ಗೋಡೆ, ಕಣ್ಣಿನ ಮಸೂರವನ್ನು ಹಿಡಿದಿಟ್ಟ ಎಳೆ – ಇವೆಲ್ಲಕ್ಕೂ ಆಧಾರವಾಗಿರುವುದು ಈ ಅಂಗಾಂಶ. ಅದರಲ್ಲಿ ದೋಷವಿದ್ದರೆ ಒಬ್ಬರೇ ರೋಗಿ ನಾಲ್ಕಾರು ವಿಭಾಗಗಳಿಗೆ ಅಲೆಯಬೇಕಾಗುತ್ತದೆ. ಒಂದೇ ಬಗೆಯ ಪತ್ರಗಳನ್ನು ಸೇರಿಸಿ ಉತ್ತರಿಸಿದ್ದೇವೆ. ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ಮಗಳಿಗೆ 17 ವರ್ಷ, ಪಿಯುಸಿ ಓದುತ್ತಿದ್ದಾಳೆ. ಚಿಕ್ಕಂದಿನಿಂದಲೂ ಅವಳ ಮೈ ಬಹಳ ಬಾಗುತ್ತದೆ, ಭರತನಾಟ್ಯದ ತರಗತಿಯಲ್ಲಿ ಅದಕ್ಕೇ ಹೊಗಳಿಕೆ. ಈಗ ಎರಡು ವರ್ಷದಿಂದ ಭುಜ ತಾನಾಗಿ ಜಾರುತ್ತದೆ, ಪಾದ ಪದೇಪದೇ ಉಳುಕುತ್ತದೆ, ಬೆಳಿಗ್ಗೆ ಅಸೆಂಬ್ಲಿಯಲ್ಲಿ ನಿಂತರೆ ಕಣ್ಣು ಕತ್ತಲೆ ಬರುತ್ತದೆ. ಎಎನ್‌ಎ, ಆರ್‌ಎ ಫ್ಯಾಕ್ಟರ್, ಕ್ಯಾಲ್ಸಿಯಂ ಎಲ್ಲವೂ ನಾರ್ಮಲ್. 'ಏನೂ ಇಲ್ಲ, ಸ್ವಲ್ಪ ವೀಕ್‌ನೆಸ್' ಎನ್ನುತ್ತಾರೆ. ಇದಕ್ಕೆ ಸ್ಪೆಷಲಿಸ್ಟ್ ಯಾರು? – ಒಬ್ಬ ತಾಯಿ, ಬ್ರಹ್ಮಾವರ

ಉತ್ತರ: ನೀವು ಮಾಡಿಸಿದ ರಕ್ತಪರೀಕ್ಷೆಗಳು ತಪ್ಪಲ್ಲ, ಆದರೆ ಅವು ಬೇರೆ ಗುಂಪಿನ ಕಾಯಿಲೆಗೆ ಸೇರಿದವು. ಲೂಪಸ್, ಸ್ಕ್ಲೆರೋಡರ್ಮಾದಂಥ ಕಾಯಿಲೆಗಳಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ತನ್ನ ಅಂಗಾಂಶದ ಮೇಲೆ ತಿರುಗಿಬೀಳುತ್ತದೆ. ಎಎನ್‌ಎ ಹುಡುಕುವುದು ಅದನ್ನು, ಅದಕ್ಕೆ ಬೇಕಾದವರು ರುಮಟಾಲಜಿಸ್ಟ್. ನಿಮ್ಮ ಮಗಳ ಲಕ್ಷಣಗಳು ಬೊಟ್ಟು ಮಾಡುವುದು ಹುಟ್ಟಿನಿಂದ ಬರುವ ಗುಂಪಿನತ್ತ. ಎಹ್ಲರ್ಸ್-ಡ್ಯಾನ್ಲೋಸ್ (ಇಡಿಎಸ್), ಮಾರ್ಫಾನ್, ಲೋಯ್ಸ್-ಡೀಟ್ಸ್ ಈ ಗುಂಪಿನವು. ಇವುಗಳಲ್ಲಿ ಎಎನ್‌ಎ ನಾರ್ಮಲ್ ಬರುವುದೇ ಸಹಜ. ಅದನ್ನೇ ನೋಡಿ 'ಕಾಯಿಲೆಯೇ ಇಲ್ಲ' ಎಂದುಬಿಟ್ಟರೆ ಎಡವಟ್ಟು.

ಮೊದಲು ಮನೆಯಲ್ಲೇ ಬೈಟನ್ ಅಂಕ ಲೆಕ್ಕ ಹಾಕಿ. ಕಿರುಬೆರಳು ಹಿಂದಕ್ಕೆ 90 ಡಿಗ್ರಿ ಮೀರಿ ಬಾಗುತ್ತದೆಯೇ, ಹೆಬ್ಬೆರಳು ಮುಂಗೈಗೆ ತಾಗುತ್ತದೆಯೇ, ಮೊಣಕೈ ಮತ್ತು ಮೊಣಕಾಲು 10 ಡಿಗ್ರಿಗಿಂತ ಹೆಚ್ಚು ಹಿಂದಕ್ಕೆ ಹೋಗುತ್ತವೆಯೇ ನೋಡಿ. ಎಡ, ಬಲ ಎರಡೂ ಕಡೆ ಒಂದೊಂದು ಅಂಕ, ಒಟ್ಟು 8. ಮೊಣಕಾಲು ಮಡಿಸದೆ ಅಂಗೈ ಪೂರ್ತಿ ನೆಲಕ್ಕೆ ಊರಿದರೆ ಇನ್ನೊಂದು. ಋತುಮತಿಯಾದ ಹುಡುಗಿಯರಿಂದ 50 ವರ್ಷದವರೆಗೆ 9ರಲ್ಲಿ 5, ಚಿಕ್ಕ ಮಕ್ಕಳಲ್ಲಿ 6, 50 ದಾಟಿದವರಲ್ಲಿ 4 ಬಂದರೆ ಕೀಲು ಮಿತಿಮೀರಿ ಸಡಿಲ ಎಂದರ್ಥ. ಅಷ್ಟರಿಂದಲೇ ಇಡಿಎಸ್ ಎಂದು ತೀರ್ಮಾನಿಸುವಂತಿಲ್ಲ. ಕೀಲು ಸಡಿಲವಿದ್ದೂ ಆರೋಗ್ಯವಾಗಿರುವವರು ಬೇಕಾದಷ್ಟಿದ್ದಾರೆ. ಗಾಯದ ಕಲೆ ತೆಳುವಾಗಿ ಅಗಲವಾಗುವುದು, ಚರ್ಮ ರೇಷ್ಮೆಯಷ್ಟು ನುಣುಪಾಗಿರುವುದು, ಕಾರಣವಿಲ್ಲದೆ ಮೈಮೇಲೆ ನೀಲಿ ಕಲೆ ಏಳುವುದು, ಹರ್ನಿಯಾ, ಮನೆಯಲ್ಲಿ ಇನ್ನೊಬ್ಬರಿಗೂ ಇದೇ ತೊಂದರೆ – ಇವನ್ನೂ ಬರೆದಿಡಿ.

ತಲೆ ತಿರುಗುವುದನ್ನು ಬಿಪಿ ಯಂತ್ರವೊಂದಿದ್ದರೆ ಮನೆಯಲ್ಲೇ ಅಳೆಯಬಹುದು. ಬೆಳಿಗ್ಗೆ 10 ನಿಮಿಷ ಮಲಗಿಸಿ ಬಿಪಿ, ನಾಡಿ ಬರೆದುಕೊಳ್ಳಿ. ನಿಲ್ಲಿಸಿ 1, 3, 5, 10ನೇ ನಿಮಿಷಕ್ಕೆ ಮತ್ತೆ ಅಳೆಯಿರಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ, ಕುಸಿಯುವಂತಾದರೆ ಕೂಡಲೇ ಮಲಗಿಸಿ. ಬಿಪಿ ಇಳಿಯದೆ ನಾಡಿ ಮಾತ್ರ ಮಲಗಿದ್ದಾಗಿನದಕ್ಕಿಂತ 40ಕ್ಕೂ ಹೆಚ್ಚು ಏರಿ ಅಲ್ಲೇ ನಿಂತರೆ (20 ವರ್ಷ ದಾಟಿದವರಲ್ಲಿ 30) ಆ ಚೀಟಿಯನ್ನು ಡಾಕ್ಟರಿಗೆ ತೋರಿಸಿ, ಪಾಟ್ಸ್ (ಎದ್ದು ನಿಂತಾಗ ನಾಡಿ ವಿಪರೀತ ಏರುವ ತೊಂದರೆ) ಇರಬಹುದೇ ಎಂದು ಕೇಳಿ. ಏಪ್ರಿಲ್-ಮೇ ತಿಂಗಳ ನಮ್ಮ ಕರಾವಳಿಯ ಬೆವರಿಗೆ ಇದು ಹೆಚ್ಚಾಗುತ್ತದೆ. ನೀರು, ಉಪ್ಪು ಎಷ್ಟು ಹೆಚ್ಚಿಸಬೇಕೆಂದು ಅವರೇ ಹೇಳಲಿ, ಏಕೆಂದರೆ ಎಲ್ಲರಿಗೂ ಉಪ್ಪು ಹಿಡಿಸದು.

ಇನ್ನು ಯಾರ ಬಳಿ? ಈ ಕಾಯಿಲೆಗೆಂದೇ ಬೋರ್ಡು ಹಾಕಿಕೊಂಡ ಒಬ್ಬ ತಜ್ಞರನ್ನು ಹುಡುಕುತ್ತ ಹೋದರೆ ವರ್ಷ ಕಳೆಯುತ್ತದೆ. ಬೇಕಾದವರು ಇಬ್ಬರು. ಕಾಯಿಲೆ ಯಾವುದೆಂದು ಗುರುತಿಸಲು ಮೆಡಿಕಲ್ ಜೆನೆಟಿಕ್ಸ್ ವೈದ್ಯರು, ಆಮೇಲೆ ಫೈಲು ಹಿಡಿದು ವರ್ಷವರ್ಷ ನೋಡಿಕೊಳ್ಳಲು ಹತ್ತಿರದ ಒಬ್ಬ ಎಂಡಿ ಮೆಡಿಸಿನ್ ಅಥವಾ ಮಕ್ಕಳ ವೈದ್ಯರು. ಬ್ರಹ್ಮಾವರದವರಿಗೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯ ಮೆಡಿಕಲ್ ಜೆನೆಟಿಕ್ಸ್ ವಿಭಾಗ ಕೈಗೆಟಕುವ ದೂರದಲ್ಲೇ ಇದೆ. ಅಲ್ಲಿಗೆ ಹೋಗುವ ಮುನ್ನ ಒಂದು ಎಕೋ (ಹೃದಯದ ಸ್ಕ್ಯಾನ್), ಕಣ್ಣಿನ ಪಾಪೆ ಹಿಗ್ಗಿಸಿ ಸ್ಲಿಟ್ ಲ್ಯಾಂಪ್ ತಪಾಸಣೆ – ಎರಡನ್ನೂ ಮುಗಿಸಿಕೊಂಡರೆ ಮೊದಲ ಭೇಟಿಯೇ ಫಲ ಕೊಡುತ್ತದೆ.

2017ರ ವರ್ಗೀಕರಣದಲ್ಲಿ ಇಡಿಎಸ್‌ನ 13 ಬಗೆಗಳಿವೆ. ಎಲ್ಲಕ್ಕಿಂತ ಹೆಚ್ಚು ಕಾಣುವ 'ಹೈಪರ್‌ಮೊಬೈಲ್' ಬಗೆಗೆ ಇನ್ನೂ ಜೀನ್ ಪತ್ತೆಯಾಗಿಲ್ಲ, ಕೈಯಿಂದ ಪರೀಕ್ಷಿಸಿಯೇ ನಿರ್ಧರಿಸಬೇಕು. ಹಾಗಿದ್ದರೆ ಜೆನೆಟಿಕ್ಸ್ ಏಕೆ ಎಂದರೆ, ಉಳಿದ ಬಗೆಗಳಲ್ಲಿ ಅಪಾಯದವೂ ಇವೆ. 'ವ್ಯಾಸ್ಕ್ಯುಲರ್' ಬಗೆಯಲ್ಲಿ (ಜೀನ್ ಸಿಒಎಲ್3ಎ1) ರಕ್ತನಾಳ, ಕರುಳು, ಗರ್ಭಕೋಶ ಒಡೆಯಬಹುದು. ಅದಿಲ್ಲವೆಂದು ಖಚಿತವಾಗಬೇಕು.

ಅಲ್ಲಿಯವರೆಗೆ ಮೈಯನ್ನು ಬಿಲ್ಲಿನಂತೆ ಬಗ್ಗಿಸುವ ಆಸನ, ನೃತ್ಯದ ಭಂಗಿಗಳನ್ನು ನಿಲ್ಲಿಸಿ. ಕೀಲಿನ ಕೊನೆಯ ಅಂಚಿಗೆ ಹೋಗದ, ನಿಧಾನದ ಸ್ನಾಯುಬಲದ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹೇಳಿಕೊಡಲಿ. 'ಸ್ಟ್ರೆಚಿಂಗ್ ಬೇಡ, ಕೀಲು ಸಡಿಲ ಇದೆ' ಎಂದು ಮೊದಲೇ ತಿಳಿಸಿ, ಇಲ್ಲವಾದರೆ ಭುಜನೋವಿಗೆ ಎಲ್ಲರಿಗೂ ಹೇಳುವ ವ್ಯಾಯಾಮವನ್ನೇ ಕೊಟ್ಟು ಕಳಿಸಿಬಿಡುತ್ತಾರೆ. ಉಳುಕು ತೆಗೆಸುವುದು, ಎಣ್ಣೆ ಹಚ್ಚಿ ಜಗ್ಗಿಸುವುದು ಬೇಡವೇ ಬೇಡ. ಕ್ಷೌರದಂಗಡಿಯಲ್ಲಿ ಕುತ್ತಿಗೆಯ ನೆಟಿಗೆ ತೆಗೆಸುವ ಗಂಡಸರಿಗೂ ಇದೇ ಮಾತು: ಕುತ್ತಿಗೆಯ ರಕ್ತನಾಳದ ಒಳಪದರ ಸೀಳಿ ಪಾರ್ಶ್ವವಾಯು ಬಂದದ್ದುಂಟು. ಹಲ್ಲಿನ ಡಾಕ್ಟರಿಗೂ ಹೇಳಿಡಿ, ಇಡಿಎಸ್ ಇರುವ ಕೆಲವರಲ್ಲಿ ಮರಗಟ್ಟಿಸುವ ಚುಚ್ಚುಮದ್ದು ಸರಿಯಾಗಿ ಹಿಡಿಯುವುದಿಲ್ಲ. ಗಾಯಕ್ಕೆ ಹೊಲಿಗೆ ಬಿದ್ದರೆ ಎಂದಿಗಿಂತ ಹೆಚ್ಚು ದಿನ ಬಿಟ್ಟು ತೆಗೆಯಬೇಕಾಗುತ್ತದೆ, ಬೇಗ ತೆಗೆದರೆ ಗಾಯ ಬಾಯಿಬಿಡುತ್ತದೆ.

ಪ್ರಶ್ನೆ: ಮಗನಿಗೆ 15 ವರ್ಷ, ಎತ್ತರ 184 ಸೆಂ.ಮೀ., ವಾಲಿಬಾಲ್ ಆಡುತ್ತಾನೆ. ಕನ್ನಡಕದ ಪವರ್ ಮೈನಸ್ 6. ಎದೆ ಮುಂದಕ್ಕೆ ಉಬ್ಬಿದೆ. ಪಿಟಿ ಮೇಷ್ಟ್ರು 'ಮಾರ್ಫಾನ್ ಇರಬಹುದು, ತೋರಿಸಿ' ಎಂದರು. ಎಕೋ ಮಾಡಿಸಿದೆವು, 'ನಾರ್ಮಲ್ ಸ್ಟಡಿ' ಎಂದಿದೆ. ನಿಶ್ಚಿಂತೆಯಿಂದ ಇರಬಹುದೇ? – ಮೂಲ್ಕಿ

ಉತ್ತರ: ಆ ಮೇಷ್ಟ್ರ ಕಣ್ಣು ಚುರುಕಾಗಿದೆ. ಎಕೋ ವರದಿಯನ್ನು ಇನ್ನೊಮ್ಮೆ ತೆಗೆದು ನೋಡಿ. 'ಸೈನಸ್ ಆಫ್ ವಲ್ಸಾಲ್ವಾ' ಎಂಬ ಸಾಲು, ಅದರ ಮುಂದೆ ಮಿಲಿಮೀಟರಿನಲ್ಲಿ ಅಳತೆ ಇದೆಯೇ? ಬರೇ 'ಎಒ' (ಅಯೋರ್ಟಾ) ಎಂದು ಒಂದು ಅಂಕಿ ಇದ್ದು ಕೆಳಗೆ 'ನಾರ್ಮಲ್' ಎಂದಿದ್ದರೆ ಈ ಕಾಯಿಲೆಯ ಮಟ್ಟಿಗೆ ಆ ವರದಿ ಅಪೂರ್ಣ. ಮಾರ್ಫಾನ್‌ನಲ್ಲಿ ಮೊದಲು ಹಿಗ್ಗುವುದು ಮಹಾಪಧಮನಿಯ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಅಯೋರ್ಟಾ) ಬುಡ. ಅದನ್ನು ಆನ್ಯುಲಸ್, ಸೈನಸ್, ಎಸ್‌ಟಿ ಜಂಕ್ಷನ್, ಅಸೆಂಡಿಂಗ್ ಅಯೋರ್ಟಾ ಎಂಬ ನಾಲ್ಕು ಜಾಗಗಳಲ್ಲಿ ಅಳೆದು, ಮಗನ ಎತ್ತರ-ತೂಕಕ್ಕೆ ಹೋಲಿಸಿ 'ಝಡ್ ಸ್ಕೋರ್' ಹಾಕಬೇಕು. ಅದು 2 ಅಥವಾ ಹೆಚ್ಚಿದ್ದರೆ ಹಿಗ್ಗಿದೆ ಎಂದು ಲೆಕ್ಕ. ಎಕೋ ಮಾಡಿಸುವಾಗ ಚೀಟಿಯಲ್ಲಿ 'ಮಾರ್ಫಾನ್ ಶಂಕೆ, ಅಯೋರ್ಟಿಕ್ ರೂಟ್ ಅಳತೆ, ಝಡ್ ಸ್ಕೋರ್' ಎಂದು ವೈದ್ಯರಿಂದ ಬರೆಸಿಕೊಂಡು ಹೋಗಿ. ಬರೆಯದಿದ್ದರೆ ಎಕೋ ಮಾಡುವವರು ಹೃದಯದ ಪಂಪಿಂಗ್ ನೋಡಿ ಕಳಿಸುತ್ತಾರೆ, ಅದು ಅವರ ತಪ್ಪಲ್ಲ. ಮಂಗಳೂರಿನ ದೊಡ್ಡ ಆಸ್ಪತ್ರೆಗಳ ಹೃದ್ರೋಗ ವಿಭಾಗಗಳಲ್ಲಿ ಇದನ್ನು ಮಾಡಿಸಬಹುದು, ಇದೊಂದಕ್ಕಾಗಿ ಬೆಂಗಳೂರಿಗೆ ಹೋಗಬೇಕಿಲ್ಲ.

ಮನೆಯಲ್ಲಿ ನೋಡಬಹುದಾದ್ದು: ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿ, ಎರಡೂ ಕೈ ಚಾಚಿಸಿ, ಮಧ್ಯದ ಬೆರಳಿನ ತುದಿಯಿಂದ ತುದಿಗೆ ಅಳೆಯಿರಿ. ಎತ್ತರದಿಂದ ಭಾಗಿಸಿ. 184 ಸೆಂ.ಮೀ. ಎತ್ತರಕ್ಕೆ ತೋಳಿನ ಚಾಚು 194 ಬಂದರೆ 1.05 ದಾಟಿತು, ಅದು ಮಾರ್ಫಾನ್‌ನ ಒಂದು ಸೂಚನೆ. ಹೆಬ್ಬೆರಳನ್ನು ಅಂಗೈಯೊಳಗಿಟ್ಟು ಮುಷ್ಟಿ ಕಟ್ಟಿದಾಗ ಅದರ ಉಗುರು ಪೂರ್ತಿ ಕಿರುಬೆರಳಿನ ಕಡೆಯಿಂದ ಹೊರಗೆ ಇಣುಕುತ್ತದೆಯೇ? ಒಂದು ಕೈಯ ಹೆಬ್ಬೆರಳು-ಕಿರುಬೆರಳಿನಿಂದ ಇನ್ನೊಂದು ಮಣಿಕಟ್ಟನ್ನು ಬಳಸಿದಾಗ ಹೆಬ್ಬೆರಳು ಕಿರುಬೆರಳಿನ ಉಗುರನ್ನು ಮುಚ್ಚುತ್ತದೆಯೇ? ಕೈಯ ಈ ಎರಡು ಗುರುತೂ ಇದ್ದರೆ 3 ಅಂಕ, ಒಂದೇ ಇದ್ದರೆ 1. ಎದೆ ಮುಂದಕ್ಕೆ ಉಬ್ಬಿದ್ದಕ್ಕೆ 2, ಒಳಕ್ಕೆ ಕುಸಿದಿದ್ದರೆ 1, ಮೈನಸ್ 3 ದಾಟಿದ ಪವರ್‌ಗೆ 1, ಚಪ್ಪಟೆ ಪಾದಕ್ಕೆ 1, ಮೈತೂಕ ಏರಿಳಿಯದೆಯೂ ಬೆನ್ನು-ಭುಜದ ಚರ್ಮದಲ್ಲಿ ಗೆರೆ ಬಿದ್ದಿದ್ದರೆ 1. ಹೀಗೆ ಕೂಡುತ್ತ ಹೋಗುವುದು ಮಾರ್ಫಾನ್ ಗುರುತಿಸುವ 2010ರ ಗೆಂಟ್ ಮಾನದಂಡ, 7 ಅಥವಾ ಹೆಚ್ಚು ಬಂದರೆ ಮಹತ್ವದ್ದು. ನಿಮ್ಮ ಪತ್ರದಲ್ಲೇ 3 ಅಂಕ ಇದೆ.

ಕಣ್ಣಿನ ವಿಷಯದಲ್ಲಿ ಒಂದು ಎಚ್ಚರಿಕೆ. ಕನ್ನಡಕದಂಗಡಿಯ ಪರೀಕ್ಷೆ ಇದಕ್ಕೆ ಸಾಲದು. ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿದರೆ ಮಾತ್ರ ಮಸೂರ ಜಾಗ ಬಿಟ್ಟಿರುವುದು ಕಾಣುತ್ತದೆ. ಮಾರ್ಫಾನ್‌ನಲ್ಲಿ ಅದು ಸಾಮಾನ್ಯವಾಗಿ ಮೇಲಕ್ಕೆ ಸರಿದಿರುತ್ತದೆ. ಕೆಳಕ್ಕೆ ಸರಿದಿದ್ದರೆ ಹೋಮೋಸಿಸ್ಟಿನ್ಯೂರಿಯಾ ಎಂಬ ಬೇರೆಯೇ ಕಾಯಿಲೆಯನ್ನು ನೆನೆಯಬೇಕು. ಅವರೂ ಎತ್ತರ, ತೆಳ್ಳಗೆ ಇರುತ್ತಾರೆ. ರಕ್ತದಲ್ಲಿ ಹೋಮೋಸಿಸ್ಟೀನ್ ನೋಡಿದರೆ ಗೊತ್ತಾಗುತ್ತದೆ, ಕೆಲವರಿಗೆ ಬಿ6 ವಿಟಮಿನ್‌ನಿಂದಲೇ ಗುಣ ಕಾಣುತ್ತದೆ. ಸೋದರಮಾವನ, ಅತ್ತೆಯ ಮಕ್ಕಳಲ್ಲಿ ಮದುವೆಯಾದ ಮನೆಗಳಲ್ಲಿ ಈ ಪರೀಕ್ಷೆಯನ್ನು ತಪ್ಪಿಸಲೇಬಾರದು.

ಆಟ? ಉತ್ತರ ಬರುವವರೆಗೆ ಪಂದ್ಯಾಟಕ್ಕೆ ಇಳಿಸಬೇಡಿ. ಅಮೆರಿಕದ ಪ್ರಸಿದ್ಧ ವಾಲಿಬಾಲ್ ಆಟಗಾರ್ತಿ ಫ್ಲೋ ಹೈಮನ್ 1984ರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದವರು. 1986ರಲ್ಲಿ ಜಪಾನಿನಲ್ಲಿ ಪಂದ್ಯದ ನಡುವೆಯೇ ಕುಸಿದು ತೀರಿಕೊಂಡರು. ಮಾರ್ಫಾನ್ ಇದ್ದದ್ದು ತಿಳಿದದ್ದು ಆಮೇಲೆ. ಕಾಯಿಲೆ ಖಚಿತವಾದರೆ ಕಬಡ್ಡಿ, ಭಾರ ಎತ್ತುವುದು, ಉಸಿರು ಬಿಗಿಹಿಡಿದು ಮಾಡುವ ಜಿಮ್ ಕಸರತ್ತು ಬಿಡಬೇಕು. ನಡಿಗೆ, ನಿಧಾನದ ಸೈಕಲ್, ಆರಾಮದ ಈಜು ಸಾಮಾನ್ಯವಾಗಿ ಸರಿ, ಆದರೆ ಅಂತಿಮ ಮಾತು ಎಕೋ ಅಳತೆ ನೋಡಿದ ಹೃದ್ರೋಗ ತಜ್ಞರದು.

ಚಿಕಿತ್ಸೆ ಇದೆ ಎಂಬುದು ಸಮಾಧಾನದ ಸಂಗತಿ. ಅಟೆನೊಲಾಲ್‌ನಂಥ ಬೀಟಾ ಬ್ಲಾಕರ್, ಲೊಸಾರ್ಟನ್ – ಎರಡೂ ಹಳೆಯ, ಅಗ್ಗದ ಮಾತ್ರೆಗಳು, ಜನೌಷಧಿ ಅಂಗಡಿಯಲ್ಲಿ ಸಿಗುತ್ತವೆ. ಗೊತ್ತಾದ 6 ತಿಂಗಳಿಗೆ ಎರಡನೇ ಎಕೋ, ಹಿಗ್ಗದಿದ್ದರೆ ಬಳಿಕ ವರ್ಷಕ್ಕೊಂದು. ಸಾಧ್ಯವಾದಷ್ಟು ಒಂದೇ ಕಡೆ ಮಾಡಿಸಿ. ಬೇರೆ ಬೇರೆ ಯಂತ್ರ, ಬೇರೆ ಬೇರೆ ಕೈಯಾದರೆ 2 ಮಿ.ಮೀ. ಹೆಚ್ಚು-ಕಡಿಮೆ ಅಳತೆಯಲ್ಲೇ ಬಂದುಬಿಡುತ್ತದೆ, ನಿಜವಾಗಿ ಹಿಗ್ಗಿದ್ದೋ ಅಲ್ಲವೋ ತಿಳಿಯದು. ವಯಸ್ಕರಲ್ಲಿ ಬುಡ 50 ಮಿ.ಮೀ. ತಲುಪಿದರೆ ಶಸ್ತ್ರಚಿಕಿತ್ಸೆ. ಮನೆಯಲ್ಲಿ ಮಹಾಪಧಮನಿ ಸೀಳಿ ಸತ್ತವರಿದ್ದರೆ ಅಥವಾ ಬೇಗ ಹಿಗ್ಗುತ್ತಿದ್ದರೆ ಇನ್ನೂ ಮುಂಚೆ. ಸೀಳುವ ಮೊದಲು ಯೋಜಿಸಿ ಮಾಡಿದ ಶಸ್ತ್ರಚಿಕಿತ್ಸೆಗೂ ಸೀಳಿದ ಮೇಲೆ ಓಡೋಡಿ ಮಾಡಿದ್ದಕ್ಕೂ ಅಪಾಯದಲ್ಲಿ ಅಜಗಜಾಂತರ.

ಇನ್ನೊಂದು ಮಾತನ್ನು ಮೆಡಿಕಲ್ ಶಾಪಿಗೆ ಹೋಗುವ ಎಲ್ಲರಿಗೂ ಹೇಳಿ. ಭೇದಿ, ಜ್ವರಕ್ಕೆಂದು ಕೇಳಿ ತರುವ ಸಿಪ್ರೊಫ್ಲಾಕ್ಸಾಸಿನ್, ಓಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಗುಂಪಿನ ಮಾತ್ರೆಗಳು ಮಹಾಪಧಮನಿ ದುರ್ಬಲವಿರುವವರಿಗೆ ಒಳ್ಳೆಯದಲ್ಲ. ಬೇರೆ ಆಂಟಿಬಯಾಟಿಕ್ ಇದೆಯೇ ಎಂದು ಡಾಕ್ಟರನ್ನು ಕೇಳಿ.

ಪ್ರಶ್ನೆ: ಜೆನೆಟಿಕ್ಸ್ ವಿಭಾಗಕ್ಕೆ ಹೋಗಲು ಹೇಳಿದ್ದಾರೆ. ಅಲ್ಲಿ ಏನು ಮಾಡುತ್ತಾರೆ, ಏನು ಒಯ್ಯಬೇಕು? – ಪುತ್ತೂರು

ಉತ್ತರ: ಅಲ್ಲಿ ಅರ್ಧ ಕೆಲಸ ಮಾತಿನಲ್ಲೇ ನಡೆಯುತ್ತದೆ. ಮೂರು ತಲೆಮಾರಿನ ವಂಶವೃಕ್ಷ ಕೇಳುತ್ತಾರೆ: ಯಾರು ಎಷ್ಟು ಎತ್ತರ, ಯಾರ ಕಣ್ಣಿನ ಮಸೂರ ಜಾರಿತ್ತು, ಯಾರು ಎಷ್ಟನೇ ವಯಸ್ಸಿನಲ್ಲಿ ಹೇಗೆ ತೀರಿಕೊಂಡರು. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ತಾಯಿಯ ಕಡೆಯ ಕುಟುಂಬದ ಲೆಕ್ಕ ಬಾಯಿಪಾಠ ಇರುತ್ತದೆ, ತಂದೆಯ ಕಡೆಯದು ಬಿಟ್ಟುಹೋಗುತ್ತದೆ. ಮಾರ್ಫಾನ್ ಯಾವ ಕಡೆಯಿಂದಲೂ ಬರಬಹುದು. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ 50 ಶೇಕಡ ಸಾಧ್ಯತೆ. ಸುಮಾರು ಕಾಲುಭಾಗ ರೋಗಿಗಳಲ್ಲಿ ಮನೆಯಲ್ಲಿ ಯಾರಿಗೂ ಇಲ್ಲದೆ ಹೊಸದಾಗಿಯೇ ಬರುತ್ತದೆ. ಕುಟುಂಬದ ಮನೆಯಲ್ಲಿ ತಂಬಿಲಕ್ಕೆ ಎಲ್ಲರೂ ಸೇರಿದಾಗ ಹಿರಿಯರನ್ನು ಕೇಳಿ ಬರೆದುಕೊಳ್ಳಿ. 'ಬೊಂಬಾಯಿಯಲ್ಲಿದ್ದ ದೊಡ್ಡಪ್ಪ, 38ಕ್ಕೆ ಹಾರ್ಟ್ ಎಟೇಕ್' ಎಂಬಂಥ ಸಾಲು ಬಂದರೆ ಬಿಡಬೇಡಿ. ಅದು ಹಾರ್ಟ್ ಎಟೇಕ್ ಆಗಿತ್ತೋ, ಮಹಾಪಧಮನಿ ಸೀಳಿತ್ತೋ? ಹಳೆಯ ಡಿಸ್ಚಾರ್ಜ್ ಸಮ್ಮರಿ ಸಿಕ್ಕರೆ ಚಿನ್ನ.

ಎಕೋದ ವರದಿ ಮಾತ್ರವಲ್ಲ, ಸಿಡಿಯನ್ನೂ ಒಯ್ಯಿರಿ. ಕನ್ನಡಕದ ಹಳೆಯ ಚೀಟಿಗಳು, ಗಾಯದ ಕಲೆ, ನೀಲಿ ಕಲೆಗಳ ಫೋಟೊ ಇರಲಿ. ಯಾವ ವರ್ಷ ಯಾವ ಕೀಲು ಜಾರಿತು ಎಂದು ಒಂದೇ ಪುಟದಲ್ಲಿ ಬರೆದಿಟ್ಟುಕೊಳ್ಳಿ. ಎರಡು ಕೆಜಿ ತೂಕದ ಫೈಲಿಗಿಂತ ಆ ಒಂದು ಪುಟವನ್ನು ವೈದ್ಯರು ಓದುತ್ತಾರೆ. ಸಾಧ್ಯವಿದ್ದರೆ ತಂದೆ-ತಾಯಿ ಇಬ್ಬರೂ ಹೋಗಿ.

ಜೀನ್ ಪರೀಕ್ಷೆ ಬೇಕೆಂದಾದರೆ ಕೆಲವು ಮಿ.ಲೀ. ರಕ್ತ ಸಾಕು, ಖಾಲಿ ಹೊಟ್ಟೆ ಬೇಕಿಲ್ಲ. ಫಲಿತಾಂಶಕ್ಕೆ ವಾರಗಟ್ಟಲೆ ಕಾಯಬೇಕು. ವರದಿಯಲ್ಲಿ 'ವಿಯುಎಸ್' ಎಂದು ಬಂದರೆ ಅದು ಪಾಸಿಟಿವ್ ಅಲ್ಲ, ನೆಗೆಟಿವ್ ಕೂಡ ಅಲ್ಲ. ಜೀನ್‌ನಲ್ಲಿ ಒಂದು ವ್ಯತ್ಯಾಸ ಕಂಡಿದೆ, ಕಾಯಿಲೆಗೆ ಅದೇ ಕಾರಣವೋ ಇನ್ನೂ ತಿಳಿಯದು ಎಂದಷ್ಟೇ. ಅದರ ಮೇಲೆ ಮದುವೆ, ಬಸಿರಿನ ನಿರ್ಧಾರ ಮಾಡಬೇಡಿ. ತಂದೆ-ತಾಯಿಯ ರಕ್ತದಲ್ಲೂ ಅದೇ ವ್ಯತ್ಯಾಸ ಇದೆಯೇ ಎಂದು ನೋಡಿದರೆ ಬಹಳ ಸಲ ವಿಷಯ ತಿಳಿಯಾಗುತ್ತದೆ. ಎರಡು-ಮೂರು ವರ್ಷ ಬಿಟ್ಟು ಅದೇ ವರದಿಯನ್ನು ಮರುಪರಿಶೀಲಿಸಲು ಕೇಳಿ. ಲ್ಯಾಬಿಗೆ ನೇರವಾಗಿ ದುಡ್ಡು ಕೊಟ್ಟು ಪರೀಕ್ಷೆ ಮಾಡಿಸಿ ಆಮೇಲೆ ವೈದ್ಯರನ್ನು ಹುಡುಕುವುದು ತಲೆಕೆಳಗಾದ ಕ್ರಮ. ಲಕ್ಷಣಗಳನ್ನು ವೈದ್ಯರು ಬರೆದು ಕಳಿಸದಿದ್ದರೆ ಲ್ಯಾಬಿನವರಿಗೂ ಎಲ್ಲಿ ಹುಡುಕಬೇಕೆಂದು ತೋಚುವುದಿಲ್ಲ.

ಬೆಂಗಳೂರಿಗೆ ಹೋಗಬೇಕಾಗಿ ಬಂದರೆ, 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ರಾಜ್ಯದ ಉತ್ಕೃಷ್ಟತಾ ಕೇಂದ್ರವಾಗಿವೆ.

ಪ್ರಶ್ನೆ: ರೇಷನ್ ಕಾರ್ಡಿನಲ್ಲಿ ಖರ್ಚು ಸಿಗುತ್ತದೆಯೇ? – ಉಳ್ಳಾಲ

ಉತ್ತರ: ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಶೇಕಡ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಹೃದಯದ ಶಸ್ತ್ರಚಿಕಿತ್ಸೆಗೆ ಇದು ಉಪಯೋಗ. ಒಪಿಡಿ ಭೇಟಿ, ಜೀನ್ ಪರೀಕ್ಷೆಗೆ ಇದನ್ನು ನಂಬಿ ಹೊರಡಬೇಡಿ. ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ನಿಮಗೆ ಮಂಗಳೂರಿನ ವೆನ್ಲಾಕ್, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ. ತುರ್ತು ಚಿಕಿತ್ಸೆಗೆ ರೆಫರಲ್ ಕಾಯಬೇಕಿಲ್ಲ. ದಾಖಲಾದ ಮೇಲೆ ಡಿಸ್ಚಾರ್ಜ್ ಹೊತ್ತಿಗೆ ಕಾರ್ಡು ತೆಗೆದು ತೋರಿಸಿದರೆ ಪ್ರಯೋಜನವಿಲ್ಲ, ಮೊದಲ ದಿನವೇ ಕೌಂಟರಿನಲ್ಲಿ ಹೇಳಿ.

ಪ್ರಶ್ನೆ: ಮಲ್ಪೆ ಬಂದರಿನಲ್ಲಿ ಮೀನು-ಐಸಿನ ಕೆಲಸ. ಬೆರಳು ಬೆಳ್ಳಗಾಗಿ, ನೀಲಿಯಾಗಿ, ಆಮೇಲೆ ಕೆಂಪಾಗಿ ಉರಿಯುತ್ತದೆ. ಎಎನ್‌ಎ ಪಾಸಿಟಿವ್ ಬಂದಿದೆ. ನನಗೂ ಈ ಜೀನ್ ಕಾಯಿಲೆಯೇ?

ಉತ್ತರ: ಅಲ್ಲ ಅಕ್ಕ, ನಿಮ್ಮದು ರುಮಟಾಲಜಿಯ ಬಾಗಿಲು. ಬೆರಳು ಹೀಗೆ ಬಣ್ಣ ಬದಲಿಸುವುದಕ್ಕೆ ರೇನಾಡ್ಸ್ ಎನ್ನುತ್ತಾರೆ. ಐಸು ಮುಟ್ಟಿದರೆ ಆರೋಗ್ಯವಂತರಲ್ಲೂ ಕೆಲವರಿಗೆ ಬರುತ್ತದೆ, ಎಎನ್‌ಎ ಕೂಡ ಕಾಯಿಲೆಯಿಲ್ಲದವರಲ್ಲಿ ಕಡಿಮೆ ಮಟ್ಟದಲ್ಲಿ ಪಾಸಿಟಿವ್ ಬರುವುದುಂಟು. ವರದಿಯಲ್ಲಿ 1:80 (ಕಡಿಮೆ ಮಟ್ಟ) ಇದೆಯೋ 1:640 (ಹೆಚ್ಚಿನ ಮಟ್ಟ) ಇದೆಯೋ ನೋಡಿಸಿ. ಅಂಕಿಯೇ ಇಲ್ಲದೆ ಬರೇ 'ಪಾಸಿಟಿವ್' ಎಂದಿದ್ದರೆ ಇಮ್ಯುನೊಫ್ಲೂರೊಸೆನ್ಸ್ ವಿಧಾನದಲ್ಲಿ ಮತ್ತೆ ಮಾಡಿಸಬೇಕಾಗಬಹುದು. ಬೆರಳಿನ ಚರ್ಮ ಬಿಗಿಯಾಗುತ್ತಿದೆಯೇ, ತುದಿಯಲ್ಲಿ ಹುಣ್ಣಾಗುತ್ತಿದೆಯೇ, ಏದುಸಿರು, ನುಂಗಲು ಕಷ್ಟ ಇದೆಯೇ? ಇದ್ದರೆ ಮುಂದೂಡಬೇಡಿ. ಮೂತ್ರದಲ್ಲಿ ಪ್ರೋಟೀನ್ ಮತ್ತು ಬಿಪಿ ತಪ್ಪದೆ ನೋಡಿಸಿ. ಅಂಗಡಿಯಿಂದ ಪ್ರೆಡ್ನಿಸೊಲೋನ್ ತಂದು ನುಂಗಬೇಡಿ: ಸ್ಕ್ಲೆರೋಡರ್ಮಾ ಆಗಿದ್ದರೆ ಹೆಚ್ಚು ಪ್ರಮಾಣದ ಸ್ಟೀರಾಯ್ಡ್ ಮೂತ್ರಪಿಂಡಕ್ಕೆ ಕುತ್ತು ತರಬಹುದು. ಕೆಲಸ ಬಿಡಲಾಗದಿದ್ದರೆ ಒಳಗೆ ಹತ್ತಿಯ ಗ್ಲೌಸ್, ಮೇಲೆ ದಪ್ಪ ರಬ್ಬರ್ ಗ್ಲೌಸ್ ಹಾಕಿ. ಒಳಗಿನದು ಒದ್ದೆಯಾದ ಕೂಡಲೇ ಬದಲಿಸಿ, ಒದ್ದೆ ಗ್ಲೌಸ್ ಬರಿಗೈಗಿಂತ ಕೆಟ್ಟದ್ದು. ಮನೆಯಲ್ಲಿ ಬೀಡಿ, ಸಿಗರೇಟಿನ ಹೊಗೆಯೂ ಬೇಡ.

ಪ್ರಶ್ನೆ: ನನಗೆ ಮಾರ್ಫಾನ್ ಇದೆ, ಲೊಸಾರ್ಟನ್ ತೆಗೆದುಕೊಳ್ಳುತ್ತೇನೆ. ಮದುವೆಯಾಗಿ ಒಂದು ವರ್ಷ. ಮಗು ಆಗಬಹುದೇ? ರಾತ್ರಿ ಏನಾದರೂ ಆದರೆ ಇಲ್ಲಿ ಯಾರಿಗೂ ಈ ಕಾಯಿಲೆ ಗೊತ್ತಿಲ್ಲ ಎಂಬ ಹೆದರಿಕೆ. – ಕಾರ್ಕಳ

ಉತ್ತರ: ಬಸಿರಾಗುವ ಮೊದಲೇ ಎಕೋ ಮಾಡಿಸಿ ಹೃದ್ರೋಗ ತಜ್ಞರು, ಹೆರಿಗೆ ತಜ್ಞರು ಇಬ್ಬರಲ್ಲೂ ಮಾತಾಡಿ. ಲೊಸಾರ್ಟನ್ ಗರ್ಭದ ಮಗುವಿಗೆ ಹಾನಿಕರ, ಮೊದಲೇ ಬದಲಿಸಿಕೊಳ್ಳಬೇಕು. ಆದರೆ ನೀವಾಗಿಯೇ ನಿಲ್ಲಿಸಬೇಡಿ. ಮಹಾಪಧಮನಿಯ ಬುಡ 45 ಮಿ.ಮೀ. ದಾಟಿದ್ದರೆ ಮೊದಲು ಶಸ್ತ್ರಚಿಕಿತ್ಸೆ, ಆಮೇಲೆ ಬಸಿರು ಎಂಬ ಸಲಹೆ ಬರಬಹುದು. ಬಸಿರಿನಲ್ಲಿ ಪದೇಪದೇ ಎಕೋ ಇರುತ್ತದೆ. ಹೆರಿಗೆಯನ್ನು ಹೃದಯ ಶಸ್ತ್ರಚಿಕಿತ್ಸೆಯ ಸೌಲಭ್ಯ ಇರುವ ಆಸ್ಪತ್ರೆಯಲ್ಲೇ ಗೊತ್ತುಮಾಡಿ. ಕಾರ್ಕಳದಿಂದ ಮಣಿಪಾಲ, ಮಂಗಳೂರು ಎರಡೂ ಒಂದೂವರೆ ಗಂಟೆಯೊಳಗಿನ ದಾರಿ. ಬಾಣಂತನದ ಮೊದಲ ವಾರಗಳಲ್ಲೂ ಅಪಾಯ ಉಳಿದಿರುತ್ತದೆ, ಹಾಗಾಗಿ ತವರಿಗೆ ಹೋಗುವುದಿದ್ದರೆ ಅಲ್ಲಿಂದ ಆಸ್ಪತ್ರೆ ಎಷ್ಟು ದೂರ ಎಂದು ನೋಡಿಕೊಳ್ಳಿ.

ಹೆದರಿಕೆಗೆ ಮದ್ದು ಒಂದು ಚೀಟಿ. ಎದೆ ಅಥವಾ ಬೆನ್ನಿನಲ್ಲಿ ಏಕಾಏಕಿ, ಹರಿದಂತೆ ನೋವು ಬಂದರೆ 'ಗ್ಯಾಸ್ಟ್ರಿಕ್' ಎಂದು ಓಮದ ನೀರು ಕುಡಿದು ಮಲಗಬೇಡಿ, 108ಕ್ಕೆ ಕರೆ ಮಾಡಿ. ರಾತ್ರಿಪಾಳಿಯ ವೈದ್ಯರು ಹಾರ್ಟ್ ಎಟೇಕ್ ಎಂದು ತಿಳಿದು ರಕ್ತ ಕರಗಿಸುವ ಇಂಜೆಕ್ಷನ್ ಕೊಡುವ ಸಾಧ್ಯತೆ ಇರುತ್ತದೆ. ಸೀಳಿದ ಮಹಾಪಧಮನಿಗೆ ಅದು ಮಾರಕ. ಆದ್ದರಿಂದ ಪರ್ಸಿನಲ್ಲೂ ಗಂಡನ ಮೊಬೈಲಿನಲ್ಲೂ ಹೀಗೆ ಬರೆದಿಡಿ: 'ಮಾರ್ಫಾನ್ ರೋಗಿ. ಎದೆ/ಬೆನ್ನುನೋವು ಇದ್ದರೆ ಅಯೋರ್ಟಿಕ್ ಡಿಸೆಕ್ಷನ್ ಶಂಕಿಸಿ. ಥ್ರಾಂಬೊಲಿಸಿಸ್‌ಗೆ ಮೊದಲು ಸಿಟಿ ಆಂಜಿಯೋಗ್ರಾಂ ಮಾಡಿ. ಕೊನೆಯ ಎಕೋ: ದಿನಾಂಕ, ಅಯೋರ್ಟಿಕ್ ರೂಟ್ ಇಷ್ಟು ಮಿ.ಮೀ. ಈಗಿನ ಮಾತ್ರೆಗಳು. ರಕ್ತದ ಗುಂಪು. ನೋಡುತ್ತಿರುವ ವೈದ್ಯರ ಫೋನ್.' ಇದನ್ನು ಇಂಗ್ಲಿಷ್‌ನಲ್ಲಿ, ವೈದ್ಯರ ಲೆಟರ್‌ಹೆಡ್‌ನಲ್ಲಿ ಸಹಿ ಹಾಕಿಸಿ ಇಟ್ಟುಕೊಳ್ಳಿ. ಬಾಯಿಮಾತಿಗಿಂತ ಸಹಿಯಿರುವ ಕಾಗದಕ್ಕೆ ಕ್ಯಾಶುವಾಲ್ಟಿಯಲ್ಲಿ ಬೆಲೆ ಹೆಚ್ಚು. ಪ್ರತಿ ಎಕೋ ಆದ ಮೇಲೆ ಅಂಕಿಯನ್ನು ತಿದ್ದಿಸಿ.